ಹಿಮಬಿರುಗಾಳಿ ನಿಂತ ಮೇಲಿನ ಕೆಲಸಗಳು

ಹಿಮಬಿರುಗಾಳಿ ಬೀಸುವಷ್ಟು ಹೊತ್ತು ಮನೆಯೊಳಗಿರುವವರಿಗೆ ಹೆಚ್ಚಿನ ಕೆಲಸವಿರುವುದಿಲ್ಲ. ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಬೆಚ್ಚಗಿರುವ ಒಂದು ಕೋಣೆಯಲ್ಲಿ ಎಲ್ಲರೂ ಸೇರಿಕೊಂಡರೆ ಆಯಿತು. ಗಾಳಿ ತಗ್ಗಿ, ಬಿಸಿಲು ಇಣುಕಿ, ಇನ್ನೇನು ಮುಗಿಯಿತು ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ ನಿಜವಾದ ಕೆಲಸ ಶುರುವಾಗುತ್ತದೆ. ಹಲವು ಚಳಿಗಾಲಗಳನ್ನು ಕಂಡ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಮನೆಗೆ ಆದ ಹಾನಿ ಕಣ್ಣಿಗೆ ಬೀಳುವುದು ಹಿಮ ಸುರಿಯುವಾಗ ಅಲ್ಲ, ಕರಗುವಾಗ.

ಮೊದಲು ನೋಡಬೇಕಾದದ್ದು ನೀರಿನ ಪೈಪುಗಳನ್ನು. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ ಎಂಬುದು ನಾವೆಲ್ಲ ಶಾಲೆಯಲ್ಲಿ ಓದಿದ ಪಾಠವೇ. ಆದರೆ ಪೈಪು ಒಡೆಯುವುದು ಸಾಮಾನ್ಯವಾಗಿ ಮಂಜುಗಡ್ಡೆ ಕಟ್ಟಿದ ಜಾಗದಲ್ಲಿ ಅಲ್ಲ. ಬೆಳೆಯುತ್ತ ಹೋಗುವ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಎತ್ತಲೂ ದಾರಿಯಿಲ್ಲದೆ ಒತ್ತಡ ವಿಪರೀತವಾಗಿ ಏರಿ, ಪೈಪು ಎಲ್ಲಿ ದುರ್ಬಲವಾಗಿದೆಯೋ ಅಲ್ಲಿ ಸೀಳು ಬಿಡುತ್ತದೆ. ಚಳಿ ತೀವ್ರವಾದ ರಾತ್ರಿ ನಲ್ಲಿಯನ್ನು ಸಣ್ಣಗೆ ಹರಿಯಬಿಡಿ ಎಂದು ಬಲ್ಲವರು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ: ಹರಿಯುವ ನೀರು ಹೆಪ್ಪುಗಟ್ಟಲು ತಡವಾಗುತ್ತದೆ, ಅದಕ್ಕಿಂತ ಮುಖ್ಯವಾಗಿ, ಒತ್ತಡ ಇಳಿಯಲು ಒಂದು ಬಾಯಿ ತೆರೆದಿರುತ್ತದೆ. ಸೀಳಿದ ಪೈಪು ಹೆಪ್ಪುಗಟ್ಟಿರುವಷ್ಟು ಕಾಲ ಒಂದು ಹನಿಯನ್ನೂ ಸೋರದಿರಬಹುದು, ಏಕೆಂದರೆ ಒಳಗಿನ ಗಡ್ಡೆಯೇ ಬಿರಡೆಯಾಗಿ ಕೂತಿರುತ್ತದೆ. ಅದು ಕರಗಿದ ದಿನ ಗೋಡೆ ಒದ್ದೆಯಾಗುತ್ತದೆ.

ಆದ್ದರಿಂದ ನಲ್ಲಿ ತಿರುಗಿಸಿದಾಗ ನೀರು ಬಾರದಿದ್ದರೆ, ಅಥವಾ ಗೊರಗೊರ ಸದ್ದು ಮಾಡಿ ಎಳೆಯಂತೆ ಬಂದು ನಿಂತರೆ, ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಅದನ್ನು ಕತ್ತಲಲ್ಲಿಯೂ ಕೈ ಹಾಕಿ ತಿರುಗಿಸುವಷ್ಟು ಪರಿಚಯ ಮನೆಯ ಎಲ್ಲರಿಗೂ ಇರಬೇಕು ಎಂಬುದು ನನ್ನ ಹಟ. ಹೊರಗೋಡೆಗೆ ತಾಗಿದ ಪೈಪು, ಸಿಂಕಿನ ಕೆಳಗಿನ ಕಪಾಟಿನಲ್ಲಿ ಅಡಗಿದ ಪೈಪು, ಬಿಸಿಮಾಡದ ನೆಲಮಾಳಿಗೆಯ ಪೈಪು, ಇವೇ ಮೊದಲು ಹೆಪ್ಪುಗಟ್ಟುವವು. ಪೈಪಿನ ಮೈಮೇಲೆ ಬಿಳಿ ಹುಡಿಯಂತೆ ಮಂಜು ಕೂತಿದ್ದರೆ ಗಡ್ಡೆ ಅಲ್ಲಿಯೇ ಇದೆಯೆಂದು ತಿಳಿಯಬಹುದು. ನಲ್ಲಿಯನ್ನು ತೆರೆದಿಟ್ಟು, ಕಪಾಟಿನ ಬಾಗಿಲನ್ನೂ ತೆಗೆದು, ನಲ್ಲಿಯ ತುದಿಯಿಂದ ಆರಂಭಿಸಿ ಗಡ್ಡೆಯ ಕಡೆಗೆ ಹೇರ್ ಡ್ರೈಯರಿನ ಬಿಸಿಗಾಳಿಯನ್ನೋ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನೋ ನಿಧಾನವಾಗಿ ಸರಿಸುತ್ತ ಹೋಗಬೇಕು. ಕರಗಿದ ನೀರಿಗೆ ಹೊರಹೋಗುವ ದಾರಿ ಮೊದಲೇ ಇರಲಿ ಎಂಬುದಕ್ಕಾಗಿ ಈ ಕ್ರಮ. ನೆಲದಲ್ಲಿ ನೀರು ನಿಂತಿದ್ದರೆ ಕರೆಂಟಿನ ಸಾಧನವನ್ನು ಮುಟ್ಟಬಾರದು. ಗ್ಯಾಸ್ ಟಾರ್ಚನ್ನಾಗಲಿ ಬೇರೆ ಯಾವ ಬೆಂಕಿಯನ್ನಾಗಲಿ ಪೈಪಿನ ಹತ್ತಿರ ತರಲೇಬಾರದು. ಪೈಪು ಉಳಿಸಲು ಹೋಗಿ ಗೋಡೆಗೆ ಬೆಂಕಿ ಹತ್ತಿಸಿಕೊಂಡವರು ಉಂಟು.

ವಿದ್ಯುತ್ ಹೋಗಿದ್ದರೆ ಇದಕ್ಕಿಂತ ದೊಡ್ಡ ಅಪಾಯವೊಂದಿದೆ, ಮತ್ತು ಅದು ಕಾಣುವುದೂ ಇಲ್ಲ, ನಾರುವುದೂ ಇಲ್ಲ. ಜನರೇಟರ್, ಇದ್ದಿಲ ಒಲೆ, ಗ್ಯಾಸ್ ಒಲೆ, ಇವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲ ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ, ತಲೆನೋವು, ತಲೆಸುತ್ತು, ವಾಕರಿಕೆ ಎಂದುಕೊಳ್ಳುವಷ್ಟರಲ್ಲಿ ಎದ್ದು ಹೋಗುವ ಶಕ್ತಿಯೇ ಉಳಿದಿರುವುದಿಲ್ಲ. ಜನರೇಟರನ್ನು ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಅದರ ಹೊಗೆ ಬಾಗಿಲು ಕಿಟಕಿಗಳ ಕಡೆಗೆ ಬಾರದಂತೆ ತಿರುಗಿಸಿ ಇಡಬೇಕು. ಗ್ಯಾರೇಜಿನ ಬಾಗಿಲು ತೆರೆದಿದೆಯಲ್ಲ ಎಂಬ ಸಮಾಧಾನ ಸಾಲದು. ಅಡುಗೆಯ ಒಲೆಯನ್ನು ಕೋಣೆ ಬಿಸಿಮಾಡಲು ಹಚ್ಚಬಾರದು. ಮನೆ ಬಿಸಿಮಾಡುವ ಯಂತ್ರದ ಹೊಗೆ ಹೊರಹೋಗುವ ಕೊಳವೆ ಗೋಡೆಯ ಕೆಳಭಾಗದಲ್ಲಿದ್ದರೆ, ಗಾಳಿ ರಾಶಿ ಹಾಕಿದ ಹಿಮ ಅದರ ಬಾಯನ್ನು ಮುಚ್ಚಿರಬಹುದು. ಬಾಗಿಲು ತೆಗೆದು ಹೊರಬಂದಾಗ ನಾನು ಸಲಿಕೆ ಹಾಕುವ ಮೊದಲ ಜಾಗ ಅದು. ಕಾರು, ದಾರಿ ಎಲ್ಲ ಆಮೇಲೆ.

ಫ್ರಿಜ್ಜಿನ ವಿಷಯದಲ್ಲಿ ಅಷ್ಟು ಗಾಬರಿ ಬೇಡ. ಬಾಗಿಲು ತೆರೆಯದಿದ್ದರೆ ಒಳಗಿನ ಆಹಾರ ಸುಮಾರು 4 ಗಂಟೆ ಸುರಕ್ಷಿತವಾಗಿರುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪನ್ನು ಹಿಡಿದಿಡುತ್ತದೆ. ಸಂಶಯ ಬಂದದ್ದನ್ನು ರುಚಿ ನೋಡಿ ತೀರ್ಮಾನಿಸುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ.

ಹಿಮ ತೆಗೆಯುವಾಗ ತೋಳಿಗಿಂತ ಹೃದಯಕ್ಕೆ ಹೆಚ್ಚು ಶ್ರಮ. ಚಳಿಗೆ ರಕ್ತನಾಳಗಳು ಮೊದಲೇ ಬಿಗಿದಿರುತ್ತವೆ. ಅದರ ಮೇಲೆ ನೀರು ಹೀರಿದ ಹಿಮವನ್ನು ಎತ್ತಿ ಎಸೆಯುವುದು ಹೃದ್ರೋಗವಿರುವವರು ಮಾಡುವ ಕೆಲಸವಲ್ಲ. ಉಳಿದವರೂ ಎತ್ತುವುದಕ್ಕಿಂತ ತಳ್ಳುವುದು ಮೇಲು, ಸಲಿಕೆ ಅರ್ಧ ತುಂಬಿದರೆ ಸಾಕು. ಮೆಟ್ಟಿಲಿಗೆ ಎರಚುವ ಸಾಮಾನ್ಯ ಉಪ್ಪು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚು ಪ್ರಯೋಜನಕ್ಕೆ ಬಾರದು. ಅಂಥ ಚಳಿಯಲ್ಲಿ ಮರಳು ಹಾಕಿದರೆ ಗಡ್ಡೆ ಕರಗದಿದ್ದರೂ ಕಾಲಿಗೆ ಹಿಡಿತ ಸಿಗುತ್ತದೆ. ಮುರಿದ ಕೊಂಬೆ ತಂತಿಯ ಮೇಲೆ ಬಿದ್ದಿದ್ದರೆ ಆ ಕಡೆಗೇ ಹೋಗಬಾರದು.

ಕೊನೆಯದು ಚಾವಣಿ. ಸೂರಿನ ಅಂಚಿನಲ್ಲಿ ತೂಗುವ ಉದ್ದುದ್ದ ಗಡ್ಡೆಗಳನ್ನು ನೋಡಿ ಫೋಟೊ ತೆಗೆಯುವವರಿದ್ದಾರೆ. ನನಗೆ ಅವು ಅಟ್ಟದ ಮೇಲಿನ ದೂರಿನಂತೆ ಕಾಣುತ್ತವೆ. ಮನೆಯೊಳಗಿನ ಬಿಸಿ ಅಟ್ಟಕ್ಕೆ ಸೋರಿ, ಚಾವಣಿಯ ಮೇಲಿನ ಹಿಮವನ್ನು ಅಡಿಯಿಂದ ಕರಗಿಸುತ್ತದೆ. ಆ ನೀರು ಇಳಿದು ತಣ್ಣಗಿರುವ ಸೂರಿನಲ್ಲಿ ಮತ್ತೆ ಹೆಪ್ಪುಗಟ್ಟಿ ಒಡ್ಡು ಕಟ್ಟುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಹಂಚಿನ ಸಂದಿಯಲ್ಲಿ ಹಿಮ್ಮುಖವಾಗಿ ನುಗ್ಗಿ, ಒಳಮಾಡಿನಲ್ಲಿ ಕಂದು ಬಣ್ಣದ ಉಂಗುರವಾಗಿ ತೋರುತ್ತದೆ. ಬಣ್ಣ ಉಬ್ಬಿ ಜೋತುಬಿದ್ದಿದ್ದರೆ ಮೇಲೆ ನೀರು ತುಂಬಿದೆಯೆಂದು ಅರ್ಥ. ವಿಮೆ ಇರುವವರು ಒರೆಸುವ ಮುನ್ನ ಇದರ ಫೋಟೊ ತೆಗೆದಿಟ್ಟುಕೊಳ್ಳಬೇಕು. ಕೊಡಲಿ ಹಿಡಿದು ಚಾವಣಿ ಹತ್ತಿ ಗಡ್ಡೆ ಒಡೆಯಲು ಹೋದರೆ ಹಂಚೂ ಒಡೆಯುತ್ತದೆ, ಕಾಲೂ ಜಾರುತ್ತದೆ. ನೆಲದಲ್ಲಿ ನಿಂತು ಉದ್ದ ಹಿಡಿಯ ಕುಂಟೆಯಿಂದ ಅಂಚಿನ ಹಿಮವನ್ನು ಎಳೆದು ಹಾಕುವುದೇ ಸದ್ಯಕ್ಕೆ ಸಾಕು. ಅಟ್ಟದ ನೆಲಕ್ಕೆ ಬಿಸಿ ತಡೆಯುವ ಪದರ ಹಾಸಿಸಿ, ದೀಪ ಮತ್ತು ಕೊಳವೆಗಳ ಸುತ್ತಲಿನ ಸಂದುಗಳನ್ನು ಮುಚ್ಚಿಸಿ, ಅಟ್ಟಕ್ಕೆ ಹೊರಗಿನ ತಣ್ಣನೆಯ ಗಾಳಿ ಆಡುವಂತೆ ಮಾಡುವ ಕೆಲಸವನ್ನು ಹಿಮವೆಲ್ಲ ಕರಗಿದ ಮೇಲೆ, ಮುಂದಿನ ಚಳಿಗಾಲಕ್ಕೆ ಮೊದಲು ಮಾಡಿಸಿಕೊಳ್ಳಬೇಕು.