ಚಾವಂಡದ ಗಿಡ್ಡ ಗೋಡೆಗಳು

28 ಡಿಸೆಂಬರ್ 2023, ಗುರುವಾರ
ಉದಯಪುರ, ರಾತ್ರಿ 9.30

ಅಪ್ಪ ಆಗಲೇ ಮಲಗಿದ್ದಾರೆ. ಮೇಜಿನ ಮೇಲೆ ಅವರ ಕನ್ನಡಕ, ಪಕ್ಕದಲ್ಲಿ ಪೇಪರಿನ ಸಣ್ಣ ಪೊಟ್ಟಣ. ಅದರಲ್ಲಿ ಇರುವುದು ಹಲ್ದಿಘಾಟಿಯ ಮಣ್ಣು, ಮೇವಾಡದ ದೊರೆ ರಾಣಾ ಪ್ರತಾಪ ಅಕ್ಬರನ ಸೈನ್ಯದ ಜೊತೆ ಕಾದಾಡಿದ ಕಣಿವೆಯದು.

ನಿನ್ನೆ ಅಲ್ಲಿಗೆ ಹೋಗಿದ್ದೆವು. ಈಗ ಕಣಿವೆಯ ನಡುವೆ ಟಾರು ರಸ್ತೆ ಇದೆ. ಗಾಡಿ ನಿಲ್ಲಿಸಿ, ಬದಿಯಲ್ಲಿ ಉದುರಿದ್ದ ಹೆಂಟೆಯೊಂದನ್ನು ಅಪ್ಪ ಅಂಗೈಯಲ್ಲಿ ಪುಡಿ ಮಾಡಿದರು. ಥೇಟ್ ಅಡುಗೆಮನೆಯ ಅರಿಶಿನ. ಗೆರೆಗೆರೆಗಳಲ್ಲಿ ಕೂತ ಹಳದಿ, ಒರೆಸಿದರೂ ಪೂರ್ತಿ ಹೋಗಲಿಲ್ಲ. ನಾನು ಚಿಕ್ಕವಳಿದ್ದಾಗ ಊಟಕ್ಕೆ ಹಟ ಮಾಡಿದರೆ ಪ್ರತಾಪನ ಕುದುರೆ ಚೇತಕ್‌ನ ಕಥೆ ಹೇಳಿ ತುತ್ತು ಇಡುತ್ತಿದ್ದವರು ಇವರೇ. ಚೇತಕ್‌ನ ಸಮಾಧಿಯ ಮುಂದೆ ಏನೂ ಮಾತಾಡಲಿಲ್ಲ.

ಖಮನೋರಿನ ರಕ್ತ ತಲಾಯಿಯಲ್ಲಿ ಜಾಸ್ತಿ ಹೊತ್ತು ಕೂತೆವು. 1576ರ ಜೂನ್‌ನಲ್ಲಿ ಕಾದಾಟ ಜೋರಾಗಿ ನಡೆದದ್ದು ಈ ಬಯಲಲ್ಲಿ. ರಾಣಾ ಪ್ರತಾಪನ ಕಡೆ ಹಕೀಂ ಖಾನ್ ಸೂರ್ ಎಂಬ ಪಠಾಣ, ಭಿಲ್ಲರ ಬಿಲ್ಲುಗಾರರು. ಅಕ್ಬರನ ಸೈನ್ಯಕ್ಕೆ ದಂಡನಾಯಕ ಅಂಬರ್‌ನ ರಜಪೂತ, ಮಾನ್ ಸಿಂಗ್. ರಾಣಾ ಪಾರಾಗಲಿ ಅಂತ ಅವನ ರಾಜಛತ್ರವನ್ನು ತನ್ನ ತಲೆ ಮೇಲೆ ಹಿಡಿಸಿಕೊಂಡು ಸತ್ತ ಝಾಲಾ ಸರದಾರನೂ, ಹಕೀಂ ಖಾನನೂ ಇಲ್ಲೇ ಮಣ್ಣಾದರು. ಇದನ್ನು ಧರ್ಮಗಳ ಜಗಳ ಅಂತ ಹೇಳುವವರು ಒಮ್ಮೆ ಇಲ್ಲಿ ಬಂದು ನಿಲ್ಲಬೇಕು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಇವತ್ತು ನೋಡಿದ ಚಾವಂಡ. ಉದಯಪುರದಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್. "ಅಲ್ಲಿ ನೋಡೋಕೆ ಏನೂ ಇಲ್ಲ" ಅಂತ ಡ್ರೈವರ್ ಎರಡು ಸಲ ಹೇಳಿದ. ಸಣ್ಣ ಗುಡ್ಡ, ಚಾಮುಂಡಿ ಗುಡಿ, ಮೇಲೆ ಬಿದ್ದುಹೋದ ಅರಮನೆಯ ಗಿಡ್ಡ ಗೋಡೆಗಳು. ಒರಟು ಕಲ್ಲು, ಸಂದಿಯಲ್ಲಿ ಒಣಗಿದ ಹುಲ್ಲು.

ಹಲ್ದಿಘಾಟಿ ಮುಗಿದದ್ದು ಒಂದೇ ದಿನದಲ್ಲಿ. ಆಮೇಲೆ ಪ್ರತಾಪ 20 ವರ್ಷ ಬದುಕಿದ, ಅದನ್ನು ಯಾರೂ ಹೇಳುವುದೇ ಇಲ್ಲ ಅಲ್ವಾ? ಕಾಡು ಮೇಡು ಅಲೆದ. 1582ರಲ್ಲಿ ದಿವೇರ್‌ನಲ್ಲಿ ಮೊಘಲರ ವಿರುದ್ಧ ಗೆದ್ದ. ಅಕ್ಬರನ ಗಮನ ವಾಯವ್ಯದ ಗಡಿಯ ಕಡೆ ಹೋದಾಗ ಮೇವಾಡದ ಬಹುಪಾಲನ್ನು ಮರಳಿ ಪಡೆದ. 1585ರ ಹೊತ್ತಿಗೆ ಇಲ್ಲಿ ರಾಜಧಾನಿ ಮಾಡಿಕೊಂಡ. ಅವನ ಮಗನ ಕಾಲದಲ್ಲಿ, 1605ರಲ್ಲಿ, ಇದೇ ಚಾವಂಡದಲ್ಲಿ ರಾಗಮಾಲಾ ಚಿತ್ರಗಳನ್ನು, ಅಂದರೆ ಒಂದೊಂದು ರಾಗಕ್ಕೆ ಒಂದೊಂದು ಚಿತ್ರ, ಬರೆದರು. ಸೋತು ಓಡಿದವರ ಊರಲ್ಲಿ ಯಾರಾದರೂ ಕೂತು ರಾಗಗಳಿಗೆ ಬಣ್ಣ ಹಾಕುತ್ತಾರಾ? ಅಷ್ಟರಮಟ್ಟಿಗೆ ಜನ ಇಲ್ಲಿ ನೆಮ್ಮದಿಯಿಂದ ಇದ್ದರು. ನನಗೆ ಪ್ರತಾಪನ ದೊಡ್ಡ ಗೆಲುವು ಇದೇ ಅನ್ನಿಸುತ್ತದೆ. ಮೇವಾಡದ ಹಳೇ ರಾಜಧಾನಿ ಚಿತ್ತೋಡ ಮಾತ್ರ ಅವನ ಕೈಗೆ ಕೊನೆಗೂ ಸಿಗಲಿಲ್ಲ.

ಅಪ್ಪ ಗೋಡೆಯ ಪಕ್ಕ ನಿಂತು ಹೆಜ್ಜೆ ಹಾಕಿ ಅಳೆದರು. "ಏನಮ್ಮಾ, ನಮ್ಮ ಹಳೇ ಮನೆ ಹಜಾರಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ" ಅಂದರು. ಗಂಟಲು ಕಟ್ಟಿತ್ತು.

1597ರ ಜನವರಿ 19ರಂದು ಪ್ರತಾಪ ತೀರಿಕೊಂಡದ್ದು ಈ ಚಾವಂಡದಲ್ಲೇ. ಆಗ ಅವನಿಗೆ 56 ವರ್ಷ. ದಹನ ಮಾಡಿದ್ದು ಹತ್ತಿರದ ಬಂಡೋಲಿಯಲ್ಲಿ. ನೀರಿನ ನಡುವೆ ಎಂಟು ಕಂಬದ ಬಿಳಿ ಛತ್ರಿ, ಅಂದರೆ ಸ್ಮಾರಕ ಮಂಟಪ. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು, ಕಂಬಕ್ಕೆ ಕೈ ಇಟ್ಟು ಸುಮ್ನೆ ನಿಂತರು. ಬೆರಳ ಸಂದಿಯಲ್ಲಿ ನಿನ್ನೆಯ ಹಳದಿ ಇನ್ನೂ ಇತ್ತು.

ನಾಳೆ ಕುಂಭಲಗಢ. ಅವನು ಹುಟ್ಟಿದ ಕೋಟೆಯನ್ನು ಕೊನೆಗೆ ನೋಡುತ್ತಿದ್ದೇವೆ. ಗಾಡಿ 6 ಗಂಟೆಗೇ ಬರುತ್ತದೆ, ಅಪ್ಪನ ಸ್ವೆಟರ್ ಈಗಲೇ ತೆಗೆದಿಡಬೇಕು.