ಐದು ನಿಮಿಷಕ್ಕೊಮ್ಮೆ ಮನಸ್ಸು ಬದಲಿಸುವ ಕಂಪ್ಯೂಟರ್

"ಏನ್ರೀ ಸಾಹೇಬ್ರ, ನಿಮ್ಮ ಕಂಪ್ಯೂಟರ್ ಐದು ನಿಮಿಷಕ್ಕೊಮ್ಮೆ ಮನಸ್ಸು ಬದಲಸತೈತಲ್ಲ, ಸ್ಟೇಷನ್ ಮಾಸ್ತರಗ ನಾ ಏನಂತ ಹೇಳ್ಲಿ?"

ರೈಲು ಹಾದಿಯ ಒಂದು ಭಾಗದಲ್ಲಿ ಗಾಡಿಗಳ ಓಟ ನಿಯಂತ್ರಿಸುವ ಸೆಕ್ಷನ್ ಕಂಟ್ರೋಲರ್ ಒಬ್ಬರು ಹೀಗೆ ಕೇಳಿದಾಗ ನನಗೆ ಬಾಯಿ ಕಟ್ಟಿತು. ಗಾಡಿಗಳು ತಡವಾದಾಗ ಮುಂದಿನ ಓಟವನ್ನು ಮತ್ತೆ ಹೊಂದಿಸಿಕೊಡುವ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ನಾನಿದ್ದೆ. ಎರಡೂ ದಿಕ್ಕಿಗೆ ಒಂದೇ ಹಳಿಯಿರುವ ಒಂದು ಸಿಂಗಲ್ ಲೈನ್ ಸೆಕ್ಷನ್ನಿನಲ್ಲಿ ಅದರ ಪರೀಕ್ಷೆ ನಡೆದಿತ್ತು. ಪಕ್ಕದ ಸ್ಕ್ರೀನಿನಲ್ಲಿ ಅದು ಸಲಹೆ ತೋರಿಸುವುದು, ತೀರ್ಮಾನ ಕಂಟ್ರೋಲರ್‌ದು.

ಸಿಂಗಲ್ ಲೈನಿನಲ್ಲಿ ಎದುರುಬದುರು ಬರುವ ಗಾಡಿಗಳಿಗೆ ಎಲ್ಲಿ ಕ್ರಾಸಿಂಗ್ ಕೊಡಬೇಕು ಅನ್ನುವುದೇ ದೊಡ್ಡ ತಲೆನೋವು. ಒಂದನ್ನು ಲೂಪಿಗೆ, ಅಂದರೆ ಸ್ಟೇಷನ್ನಿನ ಪಕ್ಕದ ಹಳಿಗೆ, ಹಾಕಿ ನಿಲ್ಲಿಸಿ ಇನ್ನೊಂದನ್ನು ಬಿಡಬೇಕು. ಕ್ರಾಸಿಂಗ್ ಒಂದಕ್ಕೆ ಎರಡೇ ಆಯ್ಕೆ ಅಂದುಕೊಂಡರೂ 20 ಕ್ರಾಸಿಂಗಿಗೆ ಲೆಕ್ಕ 10 ಲಕ್ಷ ದಾಟುತ್ತದೆ. ಒಂದು ಕಡೆ ಗಂಟೆ, ಇನ್ನೊಂದು ಕಡೆ ಸ್ಟೇಷನ್ನುಗಳಿರುವ ಚಾರ್ಟಿನ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಕಂಟ್ರೋಲರ್‌ಗಳು ದಶಕಗಳ ಕಾಲ ಇದನ್ನು ನಿಭಾಯಿಸಿದವರು. ಈಗ ಚಾರ್ಟು ಸ್ಕ್ರೀನಿಗೆ ಬಂದಿದೆ, ಗೆರೆ ಮಾತ್ರ ಅದೇ. ಅಷ್ಟು ಲಕ್ಷದಲ್ಲಿ ಒಟ್ಟು ವಿಳಂಬ ಕಡಿಮೆಯಾಗುವ ದಾರಿಯನ್ನು ನಮ್ಮ ಪ್ರೋಗ್ರಾಂ ಕೆಲವೇ ಸೆಕೆಂಡುಗಳಲ್ಲಿ ಹುಡುಕಿ ಕೊಡುತ್ತಿತ್ತು. ಜಂಭ ಬಾರದೆ ಇರುತ್ತದೆಯೇ?

ನಮ್ಮಲ್ಲಿ ಎಲ್ಲರ ಬಾಯಲ್ಲೂ ನೆದರ್ಲೆಂಡ್ಸಿನ ಮಾತು. ಅಲ್ಲಿ 2006ರ ಡಿಸೆಂಬರಿನಲ್ಲಿ ಗಣಿತದ ಸಾಫ್ಟ್‌ವೇರಿನ ನೆರವಿನಿಂದ ಇಡೀ ದೇಶಕ್ಕೇ ಹೊಸ ವೇಳಾಪಟ್ಟಿ ತಂದರು, 2008ರಲ್ಲಿ ಆ ಕೆಲಸಕ್ಕೆ ಇಂಥ ಗಣಿತದ ಬಳಕೆಗೆಂದೇ ಕೊಡುವ ಎಡೆಲ್‌ಮನ್ ಪ್ರಶಸ್ತಿಯೂ ಬಂತು. ಆದರೆ ಅಲ್ಲಿನ ಪ್ಯಾಸೆಂಜರ್ ಗಾಡಿಗಳು ಗಂಟೆಗಂಟೆಗೂ ಒಂದೇ ಮಾದರಿಯಲ್ಲಿ ಓಡುವಂಥವು. ನಮ್ಮ ಗೂಡ್ಸ್ ಗಾಡಿಗೆ ಹೆಚ್ಚಿನ ಕಡೆ ಟೈಮ್‌ಟೇಬಲ್ಲೇ ಇಲ್ಲ, ಸಂದು ಸಿಕ್ಕಾಗ ನುಗ್ಗಿಸುವುದು. ಆ ವ್ಯತ್ಯಾಸ ನಾವು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಆ ಮಧ್ಯಾಹ್ನ ಆದದ್ದು ಇಷ್ಟು. 4.10ಕ್ಕೆ ಪ್ರೋಗ್ರಾಂ ಒಂದು ಸ್ಟೇಷನ್ನಿನಲ್ಲಿ ಕ್ರಾಸಿಂಗ್ ಮಾಡಿಸಿ ಅಂತು. ಗೂಡ್ಸ್ ಗಾಡಿ ನಾವು ಅಂದಾಜಿಸಿದ್ದಕ್ಕಿಂತ ಎರಡು ನಿಮಿಷ ನಿಧಾನವಾಗಿ ಏರು ಹತ್ತಿತು, 4.15ಕ್ಕೆ ಹಿಂದಿನ ಸ್ಟೇಷನ್ನೇ ಸರಿ ಅಂತು. 4.20ಕ್ಕೆ ಮತ್ತೆ ಮೊದಲಿನದು. ಎರಡರ ಒಟ್ಟು ವಿಳಂಬಕ್ಕೂ ಇದ್ದ ಅಂತರ ಒಂದೇ ನಿಮಿಷ. ಲೆಕ್ಕದ ಪ್ರಕಾರ ಮೂರು ಸಲವೂ ಉತ್ತರ ಸರಿ.

ಕಂಟ್ರೋಲರ್ ಮಾತ್ರ ಅಷ್ಟು ಹೊತ್ತಿಗೆ ಸ್ಟೇಷನ್ ಮಾಸ್ಟರ್‌ಗೆ ಫೋನಿನಲ್ಲಿ ಹೇಳಿಯಾಗಿತ್ತು. ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ (ಗಾಡಿ ಕಳಿಸಬಹುದು ಎಂಬ ಒಪ್ಪಿಗೆ) ಪಡೆದು, ಗಾಡಿಯನ್ನು ಬೇಕಾದ ಹಳಿಗೆ ತಿರುಗಿಸುವ ಪಾಯಿಂಟ್ ಹಾಕಿ, ಸಿಗ್ನಲ್ ಕೊಟ್ಟಾಗಿದೆ. ಅದನ್ನು ವಾಪಸ್ ತೆಗೆಯುವುದೆಂದರೆ ಮತ್ತೆ ಫೋನು, ಫೋನಿನ ಮಾತು ಖಚಿತಪಡಿಸಲು ಮತ್ತೆ ಪ್ರೈವೇಟ್ ನಂಬರ್ ಎಂಬ ಗುಟ್ಟಿನ ಅಂಕಿಗಳ ಅದಲು ಬದಲು, ರಿಜಿಸ್ಟರಿನಲ್ಲಿ ಬರಹ. ಅವಸರದಲ್ಲಿ ಇಂಥದ್ದು ಮಾಡುವಾಗಲೇ ತಪ್ಪಾಗುವುದು. ಒಂದು ನಿಮಿಷ ಉಳಿಸಲು ಇಷ್ಟು ಜನರ ಕೈ ನಡುಗಿಸುವುದು ಎಲ್ಲಿಯ ನ್ಯಾಯ? ನಮ್ಮ ಲೆಕ್ಕದಲ್ಲಿ ಗಾಡಿಗಳಿದ್ದವು, ಹಳಿಗಳಿದ್ದವು, ಈಗಾಗಲೇ ಕೊಟ್ಟ ಮಾತು ಇರಲಿಲ್ಲ.

ತಿದ್ದಲು ಕೋಡ್ ಹೆಚ್ಚು ಬೇಕಾಗಲಿಲ್ಲ. ಮುಂದಿನ ಅರ್ಧ ಗಂಟೆಯ ತೀರ್ಮಾನಗಳನ್ನು ಮುಟ್ಟದಂತೆ ಬೀಗ ಹಾಕಿದೆವು. ಅದರಾಚೆಯ ಬದಲಾವಣೆಗೂ ದಂಡ ಹಾಕಿದೆವು, ಕನಿಷ್ಠ 10 ನಿಮಿಷ ಉಳಿಯದಿದ್ದರೆ ಹಳೆಯ ಯೋಜನೆಯೇ ಇರಲಿ ಎಂದು. ಆ 10 ಯಾವ ಸೂತ್ರದಿಂದಲೂ ಬಂದದ್ದಲ್ಲ. "ಹತ್ತು ನಿಮಿಷ ಉಳೀತಂದ್ರ ಒಮ್ಮೆ ಬೈಸ್ಕೊಂಡೇನು" ಎಂದರು ಆ ಕಂಟ್ರೋಲರ್, ಅಷ್ಟೇ. ಒಟ್ಟು ವಿಳಂಬ ಕಾಗದದ ಮೇಲೆ ಸ್ವಲ್ಪ ಹೆಚ್ಚೇ ಆಯಿತು, ನಮ್ಮ ಮ್ಯಾನೇಜರ್ ಮುಖ ಸಿಂಡರಿಸಿದರು. ಆದರೆ ಸಲಹೆಗಳನ್ನು ಕಂಟ್ರೋಲರ್ ಒಪ್ಪತೊಡಗಿದ್ದು ಆಮೇಲೆಯೇ.

ವೇಳಾಪಟ್ಟಿ ಹಾಕುವ ಭಾಗದಲ್ಲೂ ಇದೇ ಚಾಳಿ ಕಂಡಿತ್ತು. ತಡವಾದರೆ ಸರಿದೂಗಿಸಲು ಪಟ್ಟಿಯಲ್ಲಿ ಬೇಕೆಂದೇ ಬಿಟ್ಟ ನಿಮಿಷಗಳನ್ನು ಪ್ರೋಗ್ರಾಂ ಪೋಲು ಎಂದು ತಿಳಿದು ನುಂಗುತ್ತಿತ್ತು. ಕೊಂಕಣ ರೈಲ್ವೆಯವರು ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ ಇಟ್ಟು ಗಾಡಿಗಳ ವೇಗ ಇಳಿಸುತ್ತಾರೆ. ಕಾರವಾರ, ಕುಮಟಾ, ಉಡುಪಿ ಕಡೆಯವರಿಗೆ ಇದು ಗೊತ್ತು. ಗುಡ್ಡ ಕುಸಿಯುವ ದಾರಿಯಲ್ಲಿ ಆ ನಿಧಾನ ಪೋಲಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಂತೂ 50 ಮೀಟರಿಗೆ 1 ಮೀಟರ್ ಏರು, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ನುಗಳು ಬೇಕು. ತಳ್ಳಿ ಮುಗಿಸಿದ ಎಂಜಿನ್ ಕೆಳಗೆ ವಾಪಸ್ ಬರಲೂ ಅದೇ ಒಂಟಿ ಹಳಿ. ಯಾವ ಪ್ರಯಾಣಿಕನ ಟೈಮ್‌ಟೇಬಲ್ಲಿನಲ್ಲೂ ಕಾಣದ ಆ ಓಟವೂ ಚಾರ್ಟಿನಲ್ಲಿ ಜಾಗ ಕೇಳುತ್ತದೆ.

ಕೊನೆಗೆ ಸಲಹೆ ತಿರಸ್ಕರಿಸುವ ಬಟನ್ ಪಕ್ಕ ಕಾರಣ ಬರೆಯಲು ಒಂದು ಖಾಲಿ ಜಾಗ ಇಟ್ಟೆವು. ಯಾರು ಬರೆಯುತ್ತಾರೆ ಎಂದುಕೊಂಡಿದ್ದೆ, ಬರೆದರು. "ಲೂಪಿನ್ಯಾಗ ಕೆಟ್ಟ ವ್ಯಾಗನ್ ನಿಂತೈತಿ." "ಗಾಡಿ ಉದ್ದ, ಲೂಪಿಗೆ ಹಿಡಿಯೂದಿಲ್ಲ." "ಡ್ರೈವರ್ ಡ್ಯೂಟಿ ಅವರ್ಸ್ ಮುಗಿಯಾಕ ಬಂತು." ಇವಕ್ಕೆಲ್ಲ ಒಂದೊಂದಾಗಿ ಕಾಲಂ ಬಂದವು. ಒಂದು ಮಾತ್ರ ಹಾಗೇ ಉಳಿದಿದೆ: "ಇವತ್ತು ಗೇಟಿನ ಹತ್ರ ಜಾತ್ರಿ, ಅಲ್ಲಿ ಗಾಡಿ ನಿಲ್ಲಸಬ್ಯಾಡ್ರಿ."