ಕಣ್ಣು ಜಿಗಿದರೂ ಲೋಕ ಯಾಕೆ ಅಲುಗಾಡಲ್ಲ?

ನಾನು ಧಾರವಾಡದವಳು. ಕರ್ನಾಟಕ ಕಾಲೇಜಿನಲ್ಲಿ ಬಿಎಸ್ಸಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂಎಸ್ಸಿ, ಈಗ ನ್ಯೂರೋಸೈನ್ಸ್‌ನಲ್ಲಿ, ಅಂದರೆ ಮಿದುಳು-ನರಗಳ ವಿಜ್ಞಾನದಲ್ಲಿ, ಪಿಎಚ್‌ಡಿ. ಫಿಸಿಕ್ಸ್ ಯಾಕೆ ಬಿಟ್ಟೆ ಅಂತ ಊರಲ್ಲಿ ಕೇಳುತ್ತಾರೆ. ಬಿಟ್ಟಿಲ್ಲ, ಲೆನ್ಸಿನ ಪಾಠ ಮುಗಿಯುವಲ್ಲಿ ನನ್ನ ಪ್ರಶ್ನೆ ಶುರುವಾಯಿತು ಅಷ್ಟೇ.

ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ತಕ್ಷಣ ಬಲಗಣ್ಣು ನೋಡಿ. ಕಣ್ಣು ಸರಿದದ್ದು ನಿಮಗೆ ಕಾಣುವುದೇ ಇಲ್ಲ, ಪಕ್ಕದಲ್ಲಿ ನಿಂತ ತಂಗಿಗೆ ಚೆನ್ನಾಗಿ ಕಾಣುತ್ತದೆ! ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಹೀಗೆ ಜಿಗಿಯುತ್ತದೆ, ಇದಕ್ಕೆ ಸಕಾಡ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮೇಲಿನ ಚಿತ್ರ ಸರ್ರನೆ ಸರಿದುಹೋದರೂ ಮಿದುಳು ಅದನ್ನು ನಮ್ಮ ಗಮನಕ್ಕೇ ತರುವುದಿಲ್ಲ. ಹೇಗೆ? ನನ್ನ ಕೆಲಸ ಇದರ ಮೇಲೆಯೇ.

ಬೆಕ್ಕಿನ ಮಿದುಳಿನ ನೋಟದ ಭಾಗದಲ್ಲಿ ಹೆಚ್ಚಿನ ನರಕೋಶಗಳು ತಂತಮ್ಮ ಓರೆಯ ಗೆರೆ ಕಂಡಾಗಲೇ ಜೋರಾಗಿ ಸ್ಪಂದಿಸುತ್ತವೆ ಎಂದು ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ತೋರಿಸಿದರು, 1981ರಲ್ಲಿ ನೊಬೆಲ್ ಬಂತು. ದೊಡ್ಡ ಕೆಲಸ. ಆದರೆ ಆ ಬೆಕ್ಕುಗಳಿಗೆ ಅರಿವಳಿಕೆ ಕೊಟ್ಟು ಕಣ್ಣು ಅಲುಗದಂತೆ ನಿಲ್ಲಿಸಿದ್ದರು. ನಾವು ಹಾಗೆ ನೋಡಲ್ಲ ಅಲ್ವಾ? ಸುಭಾಸ ರೋಡಿನಲ್ಲಿ ಸುಮ್ನೆ ನಡೆದರೂ ಬೋರ್ಡು, ಬೈಕು, ಪರಿಚಯದ ಮುಖ ಅಂತ ಕಣ್ಣು ಓಡುತ್ತಲೇ ಇರುತ್ತದೆ. ಆ ಓಡುವ ಕಣ್ಣನ್ನೇ ಅಳೆಯಬೇಕು ಅನ್ನೋದು ನನ್ನ ಹಟ.